ವಿದ್ಯಾದಾನಿ ಕರ್ಮವೀರ ಭಾವೂರಾವ ಪಾಟೀಲರು

ಆಹಾರ, ಅಭಯ, ಔಷಧ ಮತ್ತು ಶಾಸ್ತ್ರವೆಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾಗಿವೆ. ಇವುಗಳಲ್ಲಿ ಶಾಸ್ತ್ರದಾನವನ್ನು ಕಾಲಾನುಗುಣವಾಗಿ ವಿದ್ಯಾದಾನವೆಂದು ಭಾವಿಸಿ, ದಾನಿಯ ಕೈ ಬರಿದಾದ ಮೇಲೆಯೂ ಶಾಲೆಯು ತನ್ನ ಕಾಲ ಮೇಲೆ ತಾನೇ ನಿಲ್ಲುವ ಏರ್ಪಾಡನ್ನು ಕಂಡುಕೊಂಡ ಮಹನೀಯರೇ ಕರ್ಮವೀರ ಭಾವೂರಾವ ಪಾಟೀಲರು.

ಅವರು 1887ನೆಯ ಇಸವಿ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಪ್ರಾಂತದ ಕುಂಭೋಜ ಗ್ರಾಮದಲ್ಲಿ ಜನಿಸಿದರು. ಬಾಹುಬಲಿ ಕ್ಷೇತ್ರದಿಂದ ಪ್ರಸಿದ್ಧವಾದ ಕುಂಭೋಜವನ್ನು ಅರಿಯದ ಶ್ರಾವಕರು ವಿರಳ. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿಯವರು. ಈ ಮನೆತನದ ಹಿರಿಯರು ಪೂರ್ವದಲ್ಲಿ ಮೂಡಬಿದಿರೆಯ ಕಡೆಯಿಂದ ಬಂದು ನೆಲೆಸಿದವರೆಂಬುದು ಕನ್ನಡ ನಾಡಿನ ಜೈನರಿಗೆ ಹೆಮ್ಮೆಯ ಸಂಗತಿ.

ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ, ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹವೊಂದರ ಪ್ರಾರಂಭೋತ್ಸವಕ್ಕೆ ಹೋಗಿಬಂದ ಅವರು, ಸ್ನಾನ ಮಾಡಿಯೇ ಊಟಕ್ಕೆ ಕೂಡಬೇಕೆಂಬ ಕಟ್ಟಳೆಗೆ ಒಪ್ಪಲಿಲ್ಲ. ಅದರ ಫಲವಾಗಿ ಬೋರ್ಡಿಂಗನ್ನು ಬಿಡಬೇಕಾಯಿತು. ಜೀವದಯೆಯನ್ನು ಪರಮಧರ್ಮವೆಂದು ಸಾರುವ ಸಮಾಜಕ್ಕೆ ಇದು ಭೂಷಣವಾದ ಪ್ರಸಂಗವಲ್ಲ, ಆದರೂ ಮರೆಮಾಚತಕ್ಕದ್ದಲ್ಲ. ಅವರ ಶಾಲಾ ವಿದ್ಯೆ ಮೆಟ್ರಿಕ್ಯುಲೇಶನ್ನಿನವರೆಗೂ ಸಾಗಲಿಲ್ಲ.

ಮುಂದೆ ಓಗಲೆಯವರ ಗಾಜಿನ ಕಾರ್ಖಾನೆಯ ಮಾಲನ್ನೂ ಕಿರ್ಲೋಸ್ಕರ ನೇಗಿಲುಗಳನ್ನೂ ಮಾರುವ ಉದ್ಯೋಗದಲ್ಲಿ ಊರೂರು ಸಂಚರಿಸಿದರು. ನೇಗಿಲು ಕೊಳ್ಳುವ ರೈತನಿಗೆ ಅಕ್ಷರಜ್ಞಾನವಿಲ್ಲ, ಅವನ ಮಕ್ಕಳಿಗೂ ಅದು ದೊರೆಯುವಂತಿಲ್ಲ ಎಂಬುದನ್ನು ಈ ತಿರುಗಾಟದಲ್ಲಿ ಕಣ್ಣಾರೆ ಕಂಡರು. 1919ರಲ್ಲಿ ಕರಾಡದ ಸಮೀಪದ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದರ ಕೇಂದ್ರವು ಸಾತಾರೆಗೆ ಬಂದಿತು. ಅಲ್ಲಿಯ ವಸತಿಗೃಹದಲ್ಲಿ ಸಕಲ ಜಾತಿಯ ಬಾಲಕರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧೀಜಿಯವರ ಹಸ್ತದಿಂದ ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಎಂಬ ನಾಮಕರಣವಾಯಿತು.

ವಸತಿಶಾಲೆಯ ಜಮಾಖರ್ಚು ಬರೆದವರು ಬಲ್ಲರು: ಅಲ್ಲಿ ಕಟ್ಟಡದ ಖರ್ಚು ಒಮ್ಮೆ, ಅನ್ನದ ಖರ್ಚು ನಿತ್ಯ. ಶ್ರೀಮಂತರ ದೇಣಿಗೆಯನ್ನು ಭಾವೂರಾವರು ಬೇಡವೆನ್ನಲಿಲ್ಲ. ಆದರೆ ನಿತ್ಯದ ಅನ್ನವನ್ನು ಅದರ ಮೇಲೆ ನಿಲ್ಲಿಸಲೂ ಇಲ್ಲ. ಮನೆಮನೆಯಿಂದ ಮುಷ್ಟಿಧಾನ್ಯವನ್ನು ಕೂಡಿಸಿದರು. ಹಿಡಿ ಜೋಳ ಕೊಟ್ಟ ರೈತನು ಶಾಲೆಯು ತನ್ನದೇ ಎಂದು ತಿಳಿದನು. ವಿದ್ಯಾರ್ಥಿಗಳು ಹೊಲದಲ್ಲಿ ದುಡಿದು ಬೆಳೆ ತೆಗೆದರು. ತಾವೇ ಅಡಿಗೆ ಮಾಡಿದರು, ನೀರು ಹೊತ್ತರು, ಕಲ್ಲು ಮಣ್ಣು ಹೊತ್ತು ಕಟ್ಟಡಗಳಿಗೆ ನೆರವಾದರು. ಗಳಿಸುತ್ತ ಕಲಿಯುವ ಈ ಪದ್ಧತಿಯಲ್ಲಿ ಬಡವನ ಮಗನು ಯಾರ ಹಂಗಿಗೂ ಒಳಗಾಗದೆ ತನ್ನ ಶ್ರಮವನ್ನೇ ಶುಲ್ಕವಾಗಿ ತೆತ್ತು ವಿದ್ಯೆ ಪಡೆದನು. ಹೀಗೆ ಕಲಿತವರಲ್ಲಿ ಅನೇಕರು ಅಲ್ಪ ವೇತನಕ್ಕೆ ಸಂಸ್ಥೆಯ ಆಜೀವ ಸದಸ್ಯರಾಗಿ ಹಿಂದಿರುಗಿ ಬಂದು ಅಧ್ಯಾಪಕರಾದರು. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಅಸಲು ಬಡ್ಡಿ ಸಮೇತ ಮರಳಿತು.

ಆದರೆ ಮೊದಲ ವರ್ಷಗಳ ಕೊರತೆಯನ್ನು ತುಂಬಿದವರು ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು. ಆಚಾರವಂತ ಜೈನ ಮನೆತನದಲ್ಲಿ ಹುಟ್ಟಿ ಬೆಳೆದ ಈ ಸಾಧ್ವಿಯು ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾಗಿ ಅನ್ನ ಬಡಿಸಿದರು. ತವರಿನಿಂದ ತಂದ ಬಂಗಾರದ ಒಡವೆಗಳು ಒಂದೊಂದಾಗಿ ಬೋರ್ಡಿಂಗಿನ ಧಾನ್ಯಕ್ಕೆ ಸಂದವು. ಒಮ್ಮೆ ಪತಿ ಊರಲ್ಲಿಲ್ಲದಾಗ ಉಗ್ರಾಣ ಬರಿದಾಗಲು, ಮಕ್ಕಳು ಹಸಿದಿರಬಾರದೆಂದು ಮಂಗಳಸೂತ್ರವನ್ನೇ ಕೊಟ್ಟು ಕಾಳು ತರಿಸಿದರು. 1930ರಲ್ಲಿ ಅವರು ಸ್ವರ್ಗಸ್ಥರಾದರು. ಭಾವೂರಾವರ ಕೀರ್ತಿಯಲ್ಲಿ ಈಕೆಯ ಪಾಲು ಅರ್ಧಕ್ಕೆ ಕಡಿಮೆಯಲ್ಲ.

1935ರಲ್ಲಿ ಅಧ್ಯಾಪಕರ ತರಬೇತಿ ಶಾಲೆ, 1940ರಲ್ಲಿ ಮಹಾರಾಜಾ ಸಯಾಜಿರಾವ್ ಪ್ರೌಢಶಾಲೆ, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಸಾತಾರೆಯಲ್ಲಿ ಪ್ರಾರಂಭವಾದವು. ಭಾರೀ ಮೊತ್ತ ಕೊಟ್ಟು ಕಾಲೇಜಿಗೆ ಬೇರೆ ಹೆಸರಿಡಿಸಬಯಸಿದ ಧನಿಕರೊಬ್ಬರಿಗೆ, ತಮ್ಮ ತಂದೆಯ ಹೆಸರನ್ನಾದರೂ ಬದಲಿಸಿಯೇವು, ಶಿವಾಜಿ ಮಹಾರಾಜರ ಹೆಸರನ್ನು ಮಾತ್ರ ಬದಲಿಸಲಾರೆವೆಂದು ಅವರು ತಿಳಿಸಿದರಂತೆ.

ಸ್ವಾವಲಂಬನದ ನಿಜವಾದ ಪರೀಕ್ಷೆ 1948ರಲ್ಲಿ ಬಂದಿತು. ಸರಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಿದ್ದಕ್ಕಾಗಿ ಸಂಸ್ಥೆಯ ಅನುದಾನವು ನಿಂತುಹೋಯಿತು. ಅನುದಾನವನ್ನೇ ನೆಚ್ಚಿದ ಶಾಲೆಗಳಾಗಿದ್ದರೆ ಬಾಗಿಲು ಹಾಕಬೇಕಾಗುತ್ತಿತ್ತು. ಹಿಂದೆ ಮುಷ್ಟಿಧಾನ್ಯ ಕೊಟ್ಟಿದ್ದ ಜನವೇ ಈಗಲೂ ಕೈಹಿಡಿಯಿತು. ಸಂತ ಗಾಡಗೆ ಮಹಾರಾಜರು ಮುಖ್ಯಮಂತ್ರಿ ಖೇರರೊಡನೆ ಮಾತನಾಡಿದ ಮೇಲೆ ಅನುದಾನವು ಪುನಃ ದೊರೆಯಿತು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಭಾವೂರಾವರು ಆ ಸಂತರ ಹೆಸರನ್ನೇ ಇಟ್ಟರು.

1959ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಪುಣೆ ವಿಶ್ವವಿದ್ಯಾಲಯದ ಡಾಕ್ಟರೇಟ್ ಗೌರವವೂ ಪ್ರಾಪ್ತವಾದವು. ಅದೇ ವರ್ಷ ಮೇ 9ರಂದು ಅವರು ದೇಹವಿಟ್ಟರು. ಅವರ ಸಂಸ್ಥೆಯ ಲಾಂಛನದಲ್ಲಿರುವುದು ಬಿಳಲು ಬಿಟ್ಟ ಆಲದ ಮರ.