ಲಂಡನ್ನಿನ ಕಛೇರಿ, ಮೈಸೂರಿನ ಶ್ರೋತೃ

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಪ್ರಥಮ ಬಾರಿಗೆ ಪ್ರಸ್ತುತಗೊಂಡವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಿರ್ದೇಶಿಸಿದವರು ವಿಲ್ಹೆಲ್ಮ್ ಫರ್ಟ್‌ವಾಂಗ್ಲರ್. ಈ ಕಛೇರಿಗೆ 4,800 ಡಾಲರ್‌ಗಳ ಖಾತರಿ ನೀಡಿದ್ದವರು ಮಾತ್ರ ಸಭಾಂಗಣದಲ್ಲಿ ಇರಲಿಲ್ಲ. ಅವರು ಮೈಸೂರಿನ ಜಯಚಾಮರಾಜ ಒಡೆಯರ್. ಗಾಯನವನ್ನು ಮುದ್ರಿಸಿ, ತಟ್ಟೆಗಳನ್ನು ಮೈಸೂರಿಗೆ ಕಳುಹಿಸಿಕೊಡುವ ಏರ್ಪಾಡು ಅವರಿಗಾಗಿಯೇ ಆಗಿತ್ತು.

1919ರ ಜುಲೈ 18ರಂದು ಜನಿಸಿದ ಒಡೆಯರ್ ಅವರಿಗೆ ಪಿಯಾನೋ ಕಲಾವಿದರಾಗಬೇಕೆಂಬ ಹಂಬಲವಿತ್ತು. ಆದರೆ 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್ ಹಾಗೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ನಿಧನರಾದರು. ಇಪ್ಪತ್ತೊಂದರ ಹರೆಯದಲ್ಲೇ ಸಿಂಹಾಸನ ಏರಬೇಕಾಯಿತು. ವೇದಿಕೆ ದೂರವಾಯಿತು, ಕೇಳುವ ಕಿವಿ ಉಳಿಯಿತು.

ಆ ಕಿವಿಗಾಗಿ ಅರಮನೆಯಲ್ಲಿ ಸಿದ್ಧವಾದ ಸಂಗ್ರಹ ಅಸಾಮಾನ್ಯವಾದುದು. ಅಲ್ಲಿದ್ದ ಧ್ವನಿಮುದ್ರಿಕೆಗಳು ಸುಮಾರು 20,000 ಎಂಬ ಅಂದಾಜಿದೆ. 1949ರಲ್ಲಿ ಮೈಸೂರಿಗೆ ಬಂದ ಖ್ಯಾತ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಆ ಗ್ರಂಥಾಲಯವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದರು. ಹಲವು ಧ್ವನಿವರ್ಧಕಗಳನ್ನು ಇರಿಸಿಕೊಳ್ಳುವುದು ಬರಿಯ ರಾಜವೈಭವವಲ್ಲ. ಮಂದ್ರ ಸ್ವರಕ್ಕೆ ಹೆಚ್ಚು ಗಾಳಿಯನ್ನು ಅಲುಗಿಸುವ ಅಗಲವಾದ ಶಂಕು ಬೇಕು. ತಾರ ಸ್ವರಕ್ಕೆ ಚುರುಕಾಗಿ ಕಂಪಿಸುವ ಹಗುರವಾದ ಶಂಕು ಬೇಕು. ಎರಡನ್ನೂ ಒಂದೇ ಶಂಕು ಸಮನಾಗಿ ನುಡಿಯಲಾರದು.

ಅಂದಿನ ಅರಗಿನ ತಟ್ಟೆಗಳ ಮಿತಿಯೂ ದೊಡ್ಡದಿತ್ತು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ 12 ಅಂಗುಲದ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. ದೀರ್ಘ ಕೃತಿಯನ್ನು ಕೇಳಬೇಕಾದರೆ ಮತ್ತೆ ಮತ್ತೆ ತಟ್ಟೆ ಬದಲಿಸಬೇಕಿತ್ತು.

ಮಾರುಕಟ್ಟೆಯಲ್ಲಿ ದೊರೆಯದ ಸಂಗೀತವನ್ನು ಒಡೆಯರ್ ಹಣ ಕೊಟ್ಟು ಮುದ್ರಿಸಿಸಿದರು. ಲಂಡನ್ನಿನಲ್ಲಿ ಅನಾರೋಗ್ಯದಿಂದಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ತಮ್ಮ ಮೂರು ಪಿಯಾನೋ ಕನ್ಚೆರ್ಟೊಗಳನ್ನು ತಾವೇ ನುಡಿಸಿ ಎಚ್‌ಎಂವಿ ಕಂಪನಿಗೆ ಮುದ್ರಿಸಲು ಸಾಧ್ಯವಾದುದು ಮೈಸೂರಿನ ನೆರವಿನಿಂದ. ಮೂರನೆಯ ಕನ್ಚೆರ್ಟೊವನ್ನು ಅವರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಬೆರಳುಗಳ ನಾದ ಉಳಿದಿದೆ. 1949ರಲ್ಲಿ ಕರಾಯನ್ ನಿರ್ದೇಶನದಲ್ಲಿ ಮುದ್ರಣಗೊಂಡ ಬಲಾಕಿರೆವ್ ಅವರ ಮೊದಲನೆಯ ಸಿಂಫನಿಯ ಹಿಂದೆಯೂ ಇದೇ ನೆರವಿತ್ತು. ಇತ್ತ ಕರ್ನಾಟಕ ಸಂಗೀತದಲ್ಲಿ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಅರಮನೆಯ ಹೊರಗಿನ ಕೇಳುಗರಿಗೆ ದಾರಿ ಬೇರೆಯೇ ಆಗಿತ್ತು. ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ್ದ ಆಕಾಶವಾಣಿಯನ್ನು ಒಡೆಯರ್ ಆಳ್ವಿಕೆಯಲ್ಲಿ, 1942ರಲ್ಲಿ, ಸಂಸ್ಥಾನ ವಹಿಸಿಕೊಂಡಿತು. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಬಂದದ್ದು 1965ರಲ್ಲಿ. ಹೊಳೆಹೊನ್ನೂರಿನಂತಹ ಸಮೀಪದ ಊರುಗಳ ಮನೆಗಳಲ್ಲಿ ಸಂಗೀತವೆಂದರೆ ಮಧ್ಯಮ ತರಂಗದ ರೇಡಿಯೋ. ಅದರಲ್ಲಿ ತಾರ ಸ್ವರದ ಹೊಳಪು ಬಹುಮಟ್ಟಿಗೆ ಸೋಸಿಹೋಗುತ್ತಿತ್ತು. ಆದರೂ ರಾಗ ಮನೆಯಂಗಳಕ್ಕೆ ಬರುತ್ತಿತ್ತು.

ಹಾಗೆಂದು ಅರಮನೆಯ ಕಿವಿಗೆ ಎಲ್ಲವೂ ದಕ್ಕಿತೆನ್ನಲಾಗದು. ಸ್ಟ್ರಾಸ್ ಗೀತೆಗಳು ಮುದ್ರಣಗೊಂಡದ್ದು ಅಸಿಟೇಟ್ ತಟ್ಟೆಗಳ ಮೇಲೆ. ಲೋಹದ ಹಾಳೆಗೆ ಮೃದುವಾದ ಮೆರುಗೆಣ್ಣೆಯ ಲೇಪ ಹಚ್ಚಿ, ಅದರಲ್ಲೇ ಗೆರೆ ಕೊರೆಯುವ ವಿಧಾನವದು. ಕೂಡಲೇ ಕೇಳಬಹುದು, ಆದರೆ ಪ್ರತಿ ಬಾರಿ ಮುಳ್ಳು ಹರಿದಾಗಲೂ ಗೆರೆ ಸವೆಯುತ್ತದೆ. ಕೇಳಿದಷ್ಟೂ ಕಳೆದುಕೊಳ್ಳುವ ತಟ್ಟೆ ಅದು. ಅಂದಿನ ಕಛೇರಿಯನ್ನು ಮೊದಲ ಬಾರಿಗೆ ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ತೀರ ಸವೆದಿದ್ದವು.

ಮಹಾರಾಜರಾಗಿ, ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಬಾಳಿದ ಒಡೆಯರ್ 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಡಿಜಿಟಲ್ ತಂತ್ರಜ್ಞಾನದ ನೆರವಿನಿಂದ 2007ರಲ್ಲಿ ಹಾಗೂ 2014ರಲ್ಲಿ ಆ ಮುದ್ರಣವನ್ನು ಶುದ್ಧೀಕರಿಸಲಾಯಿತು. ಸವೆದುಹೋದ ಸ್ವರವನ್ನು ಯಾವ ಯಂತ್ರವೂ ಪೂರ್ತಿ ಮರಳಿಸಲಾರದು. ಆದರೆ ಆ ಸಂಜೆಯ ಗಾಯನದ ಗುರುತು ಜಗತ್ತಿಗೆ ಉಳಿದಿರುವುದು, ಮೈಸೂರಿನಲ್ಲಿ ಕುಳಿತು ಅದನ್ನು ಕೇಳಬಯಸಿದ ಒಬ್ಬ ಶ್ರೋತೃವಿನಿಂದ.