ನಿಂತಲ್ಲೇ ಓಡುವ ಸೈಕಲ್ ಮತ್ತು ಆಗಸ್ಟ್ ಕ್ರೋಗ್

ಮಕ್ಕಳೇ, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಸುಮ್ಮನೆ ಪೆಡಲ್ ತುಳಿದಿದ್ದೀರಾ? ಹಿಂದಿನ ಗಾಲಿ ಗಿರ್ರನೆ ತಿರುಗುತ್ತದೆ. ಎಷ್ಟು ಹೊತ್ತು ತುಳಿದರೂ ಅಷ್ಟಾಗಿ ದಣಿವಾಗುವುದಿಲ್ಲ. ಅದೇ ಸೈಕಲ್ಲನ್ನು ಮಳೆಗಾಲದಲ್ಲಿ ಜೇವರ್ಗಿ ಕಡೆಯ ಎರೆಮಣ್ಣಿನ ದಾರಿಯಲ್ಲಿ ತುಳಿದರೆ ಹತ್ತು ಮಾರು ಹೋಗುವುದರೊಳಗೆ ಏದುಸಿರು ಬರುತ್ತದೆ. ಕಾಲು ಅದೇ, ಸೈಕಲ್ಲೂ ಅದೇ. ಬದಲಾದದ್ದು ಗಾಲಿಗೆ ಎದುರಾದ ತಡೆ ಮಾತ್ರ.

ಈ ತಡೆಯನ್ನು ಕೋಣೆಯೊಳಗೇ ನಮಗೆ ಬೇಕಾದಷ್ಟು ಒಡ್ಡಿ, ಮನುಷ್ಯನ ದುಡಿಮೆಯನ್ನು ಅಳೆಯಲು ಹೊರಟವರು ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್.

ಅವರು ಹುಟ್ಟಿದ್ದು 1874ರ ನವೆಂಬರ್ 15ರಂದು, ಗ್ರೇನೋ ಎಂಬ ಸಮುದ್ರ ತೀರದ ಊರಿನಲ್ಲಿ. ತಂದೆ ಹಡಗು ಕಟ್ಟುವವರು. ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ವೈದ್ಯ ವಿದ್ಯೆ ಕಲಿಯಲೆಂದು ಬಂದ ಕ್ರೋಗ್ ಬೇಗನೆ ಪ್ರಾಣಿಶಾಸ್ತ್ರದ ಕಡೆಗೆ ಹೊರಳಿದರು. ಆಮೇಲೆ ಕ್ರಿಸ್ಟಿಯನ್ ಬೋರ್ ಅವರ ಪ್ರಯೋಗಾಲಯದಲ್ಲಿ ಸಹಾಯಕರಾದರು. ಶ್ವಾಸಕೋಶವು ಗ್ರಂಥಿಯಂತೆ ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂಬುದು ಬೋರ್ ಅವರ ನಂಬಿಕೆಯಾಗಿತ್ತು. ಕ್ರೋಗ್ ಮತ್ತು ಅವರ ಪತ್ನಿ, ವೈದ್ಯೆ ಮರೀ, ಒಟ್ಟಿಗೆ ಪ್ರಯೋಗ ನಡೆಸಿ 1910ರಲ್ಲಿ ಇದು ಸರಿಯಲ್ಲ ಎಂದು ತೋರಿಸಿದರು. ಆಮ್ಲಜನಕವು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಹರಡಿಕೊಳ್ಳುತ್ತದೆ. ಇದೇ ವಿಸರಣೆ. ಗುರುವಿನ ಮಾತು ತಪ್ಪೆಂದು ಬರೆದು ಪ್ರಕಟಿಸುವುದು ಸುಲಭದ ಕೆಲಸವಲ್ಲ ಎಂಬುದನ್ನು ನೀವೇ ಊಹಿಸಬಲ್ಲಿರಿ.

ಮುಂದಿನ ಪ್ರಶ್ನೆ ದುಡಿಯುವ ದೇಹದ್ದು. ಕೆಲಸ ಮಾಡುವಾಗ ಉಸಿರು, ನಾಡಿ, ರಕ್ತದ ಹರಿವು ಎಷ್ಟು ಏರುತ್ತವೆ? ಇದನ್ನು ಅಳೆಯಬೇಕಾದರೆ ಮೊದಲು ಕೆಲಸ ಎಷ್ಟೆಂದು ಗೊತ್ತಿರಬೇಕಲ್ಲವೆ? ರಸ್ತೆಯಲ್ಲಿ ಗಾಳಿ, ಏರು, ಇಳಿಜಾರು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಆದ್ದರಿಂದ 1913ರಲ್ಲಿ ಕ್ರೋಗ್ ಊರು ಬಿಟ್ಟು ಎಲ್ಲಿಗೂ ಹೋಗದ ಸೈಕಲ್ಲೊಂದನ್ನು ಕಟ್ಟಿದರು. ಅದರ ಲೋಹದ ಗಾಲಿ ವಿದ್ಯುತ್ಕಾಂತದ ಎದುರು ತಿರುಗುತ್ತಿತ್ತು. ಕಾಂತದ ಎದುರು ಲೋಹ ಚಲಿಸಿದರೆ ಲೋಹದೊಳಗೆ ಸುಳಿಯಂತೆ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತು ಗಾಲಿಯನ್ನೇ ಹಿಂದಕ್ಕೆ ಜಗ್ಗುತ್ತದೆ. ಸೈಕಲ್ಲಿನ ಡೈನಮೊವನ್ನು ಟೈರಿಗೆ ತಾಗಿಸಿ ದೀಪ ಹೊತ್ತಿಸಿದಾಗ ಪೆಡಲ್ ಭಾರವಾಗುವುದನ್ನು ನಿಮ್ಮ ಅಜ್ಜ ಬಲ್ಲರು, ಕೇಳಿ ನೋಡಿ. ಅಲ್ಲಿಯೂ ಕಾಂತ ಮತ್ತು ವಿದ್ಯುತ್ತಿನ ಇಂಥದೇ ಜಗ್ಗಾಟವಿದೆ. ಕ್ರೋಗ್ ಅವರ ಯಂತ್ರದಲ್ಲಿ ಕಾಂತದ ಬಲವನ್ನು ಹೆಚ್ಚು ಕಡಿಮೆ ಮಾಡಿ, ತಡೆಯನ್ನು ತೂಕದಿಂದ ಅಳೆಯಬಹುದಾಗಿತ್ತು. (ತಿರುಗುವ ಗಾಲಿಗೆ, ಚೈನಿಗೆ ಬೆರಳು ಮಾತ್ರ ಒಡ್ಡಬೇಡಿ.)

ಇಂದು ಮನೆಗಳಲ್ಲಿ ವ್ಯಾಯಾಮಕ್ಕೆಂದು ಇಡುವ ನಿಂತ ಸೈಕಲ್ಲುಗಳು ಈ ಯಂತ್ರದ ಸಂಬಂಧಿಗಳೇ. ಅಫಜಲಪುರದಲ್ಲಿ ನಿಮ್ಮ ಕಾಕಾ ಒಂದನ್ನು ಕೊಳ್ಳಲು ಹೊರಟರೆ ಅವರು ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ತಡೆ ಯಾವುದರದು ಎಂಬುದನ್ನು. ಬಟ್ಟೆಯ ಪಟ್ಟಿ ಗಾಲಿಗೆ ಉಜ್ಜುವ ಬಗೆ ಅಗ್ಗ, ಆದರೆ ಪಟ್ಟಿ ಸವೆಯುತ್ತದೆ, ಬಿಸಿಯಾಗುತ್ತದೆ, ಇಂದಿನ ಭಾರ ನಾಳೆಗೆ ಇರುವುದಿಲ್ಲ. ಫ್ಯಾನಿನ ರೆಕ್ಕೆಯಿಂದ ತಡೆ ಕೊಡುವಂಥದು ಜೋರಾಗಿ ತುಳಿದಷ್ಟೂ ಭಾರವಾಗುತ್ತದೆ, ಸದ್ದೂ ಹೆಚ್ಚು. ಕಾಂತದ್ದು ಗಾಲಿಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸವೆತವಿಲ್ಲ, ಸದ್ದು ಕಡಿಮೆ. ನನಗೆ ಕೇಳಿದರೆ ಇದೇ ವಾಸಿ. ಇರುವ ಸೈಕಲ್ಲಿನ ಹಿಂದಿನ ಗಾಲಿಯನ್ನೇ ಉರುಳೆಯ ಮೇಲೆ ಕೂರಿಸುವ ಸ್ಟ್ಯಾಂಡುಗಳೂ ಇವೆ. ಅವುಗಳಲ್ಲಿ ಟೈರು ಬೇಗ ಸವೆಯುತ್ತದೆ. ಸೀಟಿನ ಎತ್ತರ ಹೊಂದಿಸಲು ಬರಬೇಕು: ಪೆಡಲ್ ಕೆಳಗೆ ಬಂದಾಗ ಮೊಣಕಾಲು ತುಸುವೇ ಮಡಚಿರಬೇಕು. ಇನ್ನೊಂದು ಮಾತು. ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸಿ ಮೈ ತಂಪಾಗಿಸುತ್ತದೆ, ಕೋಣೆಯಲ್ಲಿ ಆ ಗಾಳಿ ಇರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಫ್ಯಾನಿಲ್ಲದೆ ತುಳಿಯುವುದು ಅಪಾಯ.

ಮತ್ತೆ ಕ್ರೋಗ್ ಅವರ ಪ್ರಯೋಗಾಲಯಕ್ಕೆ ಬರೋಣ. ಅವರೂ ಸಹೋದ್ಯೋಗಿ ಯೊಹಾನೆಸ್ ಲಿಂಡ್‌ಹಾರ್ಡ್ ಅವರೂ ಗಮನಿಸಿದ್ದು ಇದು: ತುಳಿಯತೊಡಗಿದ ಕ್ಷಣದಲ್ಲೇ ಉಸಿರೂ ನಾಡಿಯೂ ಏರುತ್ತವೆ, ದಣಿವಾಗುವ ತನಕ ಕಾಯುವುದಿಲ್ಲ. ಕಾಲಿಗೆ ಅಪ್ಪಣೆ ಕೊಡುವ ಮಿದುಳು ಆಗಲೇ ಉಸಿರಿಗೂ ಸುದ್ದಿ ಮುಟ್ಟಿಸುತ್ತದೆ ಎಂದು ಅವರು ತರ್ಕಿಸಿದರು. ಜನರಿಗೆ ಕೆಲವು ದಿನ ಶರ್ಕರಪಿಷ್ಟದ ಊಟ, ಕೆಲವು ದಿನ ಕೊಬ್ಬಿನ ಊಟ ಕೊಟ್ಟು ತುಳಿಸಿಯೂ ನೋಡಿದರು. ನಮ್ಮ ಲೆಕ್ಕದಲ್ಲಿ ಒಮ್ಮೆ ಜೋಳದ ರೊಟ್ಟಿ, ಒಮ್ಮೆ ಶೇಂಗಾ ಎನ್ನಿ. ಕೊಬ್ಬನ್ನು ಉರಿಸಿ ಅಷ್ಟೇ ಕೆಲಸ ಮಾಡಲು ಕೊಂಚ ಹೆಚ್ಚು ಶಕ್ತಿ ಬೇಕಾಗುತ್ತದೆ ಎಂದು 1920ರಲ್ಲಿ ತಿಳಿಸಿದರು.

ಅದೇ ವರ್ಷ ಅವರಿಗೆ ನೊಬೆಲ್ ಬಹುಮಾನ ಬಂತು, ಸೈಕಲ್ಲಿಗಲ್ಲ, ಲೋಮನಾಳಗಳ ಸಂಶೋಧನೆಗೆ. ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಹೆಚ್ಚಿನ ಲೋಮನಾಳಗಳು ಮುಚ್ಚಿರುತ್ತವೆ, ದುಡಿಮೆಯಲ್ಲಿ ತೆರೆಯುತ್ತವೆ ಎಂದು ಅವರು ಹೇಳಿದ್ದರು. ವಿಶ್ರಾಂತಿಯಲ್ಲೂ ಬಹುಪಾಲು ನಾಳಗಳಲ್ಲಿ ರಕ್ತ ಹರಿಯುತ್ತಿರುತ್ತದೆ ಎಂದು ನಂತರದವರು ತಿದ್ದಿದ್ದಾರೆ. ಗುರುವನ್ನು ತಿದ್ದಿದವರನ್ನೂ ವಿಜ್ಞಾನ ಬಿಡಲಿಲ್ಲ ನೋಡಿ!

ಈ ಹೊತ್ತಿಗೆ ಮನೆಯಲ್ಲೊಂದು ಚಿಂತೆ ಹೊಕ್ಕಿತ್ತು. ಮರೀ ಅವರಿಗೆ ಸಕ್ಕರೆ ಕಾಯಿಲೆ. ಆಗ ಅದಕ್ಕೆ ಸರಿಯಾದ ಮದ್ದೇ ಇರಲಿಲ್ಲ. 1922ರಲ್ಲಿ ಉಪನ್ಯಾಸ ಕೊಡಲು ಕ್ರೋಗ್ ಅಮೆರಿಕಕ್ಕೆ ಹೊರಟಾಗ ಮರೀ ಜೊತೆಗಿದ್ದರು. ಕೆನಡಾದ ಟೊರಾಂಟೊದಲ್ಲಿ ಹೊಸದಾಗಿ ಇನ್ಸುಲಿನ್ ತಯಾರಾಗಿರುವ ಸುದ್ದಿ ತಿಳಿದು ಕ್ರೋಗ್ ಅಲ್ಲಿಗೂ ಹೋದರು, ತಯಾರಿಸಲು ಅನುಮತಿ ಪಡೆದು ಊರಿಗೆ ಮರಳಿದರು. ವೈದ್ಯ ಹಾಗೆಡಾರ್ನ್ ಜೊತೆ ಸೇರಿ ಆ ವರ್ಷದ ಕೊನೆಯಲ್ಲೇ ದನದ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1923ರಿಂದ ಡೆನ್ಮಾರ್ಕಿನ ರೋಗಿಗಳಿಗೆ ಅದು ಸಿಗತೊಡಗಿತು. ಮರೀ ಮತ್ತೆ ಇಪ್ಪತ್ತು ವರ್ಷ ಬದುಕಿ 1943ರಲ್ಲಿ ತೀರಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನ್ ಸೇನೆಯ ವಶದಲ್ಲಿದ್ದಾಗ ಕ್ರೋಗ್ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಮರಳಿ, 1949ರ ಸೆಪ್ಟೆಂಬರ್ 13ರಂದು ಕೋಪನ್‌ಹೇಗನ್ನಿನಲ್ಲಿ ನಿಧನರಾದರು. ಅವರ ಮಗಳು ಬೋಡಿಲ್ ಕೂಡ ದೇಹಕ್ರಿಯಾ ವಿಜ್ಞಾನಿಯಾದರು.