ಸಮರ್ಪಿತೆ: ಸೋದರಿ ನಿವೇದಿತಾ

ಬಂಗಾಳದಲ್ಲಿ ಶರನ್ನವರಾತ್ರಿಯೆಂದರೆ ಮಗಳು ತವರಿಗೆ ಬರುವ ಹಬ್ಬ. ಹಿಮವಂತನ ಮಗಳಾದ ಉಮೆಯು ಕೈಲಾಸದಿಂದ ತಾಯ್ತಂದೆಯರ ಮನೆಗೆ ಬಂದು, ಕೆಲವು ದಿನಗಳಿದ್ದು, ವಿಜಯದಶಮಿಯಂದು ಪತಿಗೃಹಕ್ಕೆ ಮರಳುತ್ತಾಳೆಂಬುದು ಅಲ್ಲಿಯ ಜನರ ಭಾವನೆ. ಅಂಥ ನಾಡಿಗೆ 1898ರಲ್ಲಿ ಸಮುದ್ರದಾಚೆಯಿಂದ ಒಬ್ಬ ಮಗಳು ಬಂದಳು. ಅದು ಆಕೆ ಹುಟ್ಟಿದ ಮನೆಯಾಗಿರಲಿಲ್ಲ. ಅಲ್ಲಿಯ ಭಾಷೆ, ಊಟ, ಉಡುಗೆ, ದೇವರು ಯಾವುದೂ ಆಕೆಯದಾಗಿರಲಿಲ್ಲ. ಆದರೂ ಬಂದವಳು ಆ ನಾಡಿನವಳೇ ಆಗಿ ನಿಂತಳು. ಮಾರ್ಗರೆಟ್ ಎಲಿಜಬೆತ್ ನೋಬಲ್ ಎಂಬ ಐರಿಷ್ ಕನ್ಯೆಯು ಸೋದರಿ ನಿವೇದಿತಾ ಆದ ಕಥೆಯಲ್ಲಿ, ಪರಸಂಸ್ಕೃತಿಯೊಂದನ್ನು ಅರಿಯಲು ಮನುಷ್ಯನು ಏನನ್ನು ಕಲಿಯಬೇಕು, ಅದಕ್ಕೂ ಮೊದಲು ಏನನ್ನು ಮರೆಯಬೇಕು ಎಂಬ ಪ್ರಶ್ನೆಗೆ ಉತ್ತರವಿದೆ.

ಮಾರ್ಗರೆಟ್ ಜನಿಸಿದ್ದು 1867ರ ಅಕ್ಟೋಬರ್ 28ರಂದು, ಐರ್ಲೆಂಡಿನ ಉತ್ತರ ಭಾಗದ ಡಂಗ್ಯಾನನ್ ಎಂಬ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ನೋಬಲ್ ಕ್ರೈಸ್ತ ಧರ್ಮೋಪದೇಶಕರು. ತಾಯಿ ಮೇರಿ ಇಸಬೆಲ್. ಚೊಚ್ಚಲ ಹೆರಿಗೆಯ ಭಯದಲ್ಲಿದ್ದ ತಾಯಿ, ಮಗು ಸುಖವಾಗಿ ಹುಟ್ಟಿದರೆ ಅದನ್ನು ದೇವರ ಕಾರ್ಯಕ್ಕೆ ಒಪ್ಪಿಸುವೆನೆಂದು ಹರಕೆ ಹೊತ್ತಿದ್ದಳಂತೆ. ತಂದೆಯವರು ಬಡವರ ಸೇವೆಯಲ್ಲಿ ದೇಹವನ್ನು ಸವೆಸಿ ಮೂವತ್ತನಾಲ್ಕನೆಯ ವಯಸ್ಸಿನಲ್ಲೇ ತೀರಿಕೊಂಡಾಗ ಮಾರ್ಗರೆಟ್‌ಗೆ ಹತ್ತು ವರ್ಷ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ವಿದ್ಯಾಭ್ಯಾಸ ಮುಗಿಸಿದ ಆಕೆ, ಹದಿನೇಳನೆಯ ವಯಸ್ಸಿಗೇ ಕೆಸ್ವಿಕ್‌ನಲ್ಲಿ ಉಪಾಧ್ಯಾಯಿನಿಯಾದಳು.

ಶಿಕ್ಷಣವು ಆಕೆಗೆ ಹೊಟ್ಟೆಪಾಡಿನ ಕಸುಬು ಮಾತ್ರವಾಗಿರಲಿಲ್ಲ. ಮಗುವಿನ ಮನಸ್ಸಿಗೆ ಹೊರಗಿನಿಂದ ವಿಷಯವನ್ನು ತುಂಬುವುದು ಶಿಕ್ಷಣವಲ್ಲ, ಅದು ತನ್ನ ಸುತ್ತಲಿನ ಪರಿಚಿತ ವಸ್ತುಗಳಿಂದಲೇ ಅರಳುವಂತೆ ಮಾಡುವುದು ಶಿಕ್ಷಣ ಎಂಬುದು ಪೆಸ್ಟಲೋಜಿ, ಫ್ರೋಬೆಲ್ ಮೊದಲಾದ ಶಿಕ್ಷಣತಜ್ಞರ ಮತ. ಮಾರ್ಗರೆಟ್ ಆ ಮತವನ್ನು ಮನಸಾರೆ ಒಪ್ಪಿ, ಲಂಡನ್ನಿನ ಬಳಿಯ ವಿಂಬಲ್ಡನ್‌ನಲ್ಲಿ ತನ್ನದೇ ಶಾಲೆಯೊಂದನ್ನು ತೆರೆದಳು. ಬಾಹ್ಯ ಜೀವನದಲ್ಲಿ ಯಶಸ್ಸಿದ್ದರೂ ಅಂತರಂಗದಲ್ಲಿ ಶಾಂತಿಯಿರಲಿಲ್ಲ. ಬಾಲ್ಯದಿಂದ ನಂಬಿ ಬಂದ ಮತಸಿದ್ಧಾಂತಗಳ ಬಗ್ಗೆ ಸಂದೇಹಗಳು ತಲೆಯೆತ್ತಿದ್ದವು. ಬುದ್ಧನ ಚರಿತ್ರೆಯನ್ನು ಓದಿ ಕೊಂಚ ಸಮಾಧಾನ ದೊರೆತರೂ ಹುಡುಕಾಟ ನಿಂತಿರಲಿಲ್ಲ.

1895ರ ನವೆಂಬರಿನಲ್ಲಿ, ಲಂಡನ್ನಿನ ಶ್ರೀಮಂತ ಮನೆಯೊಂದರಲ್ಲಿ, ಆಕೆ ಸ್ವಾಮಿ ವಿವೇಕಾನಂದರನ್ನು ಮೊದಲ ಬಾರಿ ಕಂಡಳು. ಕಾವಿಯುಟ್ಟ ಆ ಸಂನ್ಯಾಸಿಯ ಮಾತನ್ನು ಕೇಳಿದ ಅಂದಿನ ಅತಿಥಿಗಳು, ಇದರಲ್ಲಿ ಹೊಸದೇನೂ ಇಲ್ಲವೆಂದು ತೀರ್ಮಾನಿಸಿ ಹೊರಟರು. ಮಾರ್ಗರೆಟ್ ಕೂಡ ಅವರಲ್ಲೊಬ್ಬಳು. ಆದರೆ ದಿನಗಳು ಕಳೆದಂತೆ, ಇಷ್ಟು ಗಂಭೀರವಾದ ವಿಚಾರವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ಅನ್ಯಾಯವೆಂದು ಆಕೆಗೆ ತೋರತೊಡಗಿತು. ಮತ್ತೆ ಹೋಗಿ ಕೇಳಿದಳು, ಪ್ರಶ್ನಿಸಿದಳು, ವಾದಿಸಿದಳು. ಸ್ವಾಮೀಜಿಯ ಸಿದ್ಧಾಂತಗಳನ್ನು ಒಪ್ಪುವ ಮುನ್ನವೇ ಅವರ ಶೀಲಕ್ಕೆ ತಲೆಬಾಗಿದಳು. ಭಾರತದ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಕೆಲಸ ಕಾದಿದೆಯೆಂದು ತಿಳಿದಾಗ ಬರಲು ಸಿದ್ಧಳಾದಳು.

ಸ್ವಾಮೀಜಿ ಆಕೆಯನ್ನು ಸುಲಭದ ಮಾತುಗಳಿಂದ ಕರೆಯಲಿಲ್ಲ. ಇಲ್ಲಿಯ ದಾರಿದ್ರ್ಯ, ಮೂಢನಂಬಿಕೆ, ಬೇಗೆ, ಬಿಳಿಯರನ್ನು ದೂರವಿಡುವ ಜನ, ಈಕೆಯನ್ನು ಹುಚ್ಚಿಯೆಂದು ನೋಡಲಿರುವ ಆಳುವ ಬಿಳಿಯರು, ಇವೆಲ್ಲವನ್ನೂ 1897ರ ಪತ್ರವೊಂದರಲ್ಲಿ ಬಿಚ್ಚಿಟ್ಟರು. ಇಷ್ಟರ ಮೇಲೂ ಬರುವುದಾದರೆ, ಆಕೆ ಸೋತರೂ ಗೆದ್ದರೂ ಕೊನೆಯವರೆಗೆ ತಾವು ಜೊತೆಗಿರುವುದಾಗಿ ಮಾತು ಕೊಟ್ಟರು. 1898ರ ಜನವರಿ 28ರಂದು ಮಾರ್ಗರೆಟ್ ಕಲ್ಕತ್ತೆಯಲ್ಲಿ ಹಡಗಿನಿಂದಿಳಿದಳು.

ಆ ವರ್ಷದ ಮಾರ್ಚ್ 17ರಂದು ಶ್ರೀರಾಮಕೃಷ್ಣರ ಸಹಧರ್ಮಿಣಿ ಶ್ರೀ ಶಾರದಾದೇವಿಯವರ ದರ್ಶನವಾಯಿತು. ಹಳ್ಳಿಯಲ್ಲಿ ಹುಟ್ಟಿ, ಸಂಪ್ರದಾಯದಲ್ಲಿ ಬೆಳೆದ ಬ್ರಾಹ್ಮಣ ವಿಧವೆಯಾಗಿದ್ದ ಆ ತಾಯಿ, ಪರದೇಶದಿಂದ ಬಂದ ಸ್ತ್ರೀಯರನ್ನು ಮಕ್ಕಳೆಂದು ಬರಮಾಡಿಕೊಂಡು ಅವರೊಡನೆ ಕುಳಿತು ಫಲಾಹಾರ ಮಾಡಿದರು. ಆ ಕಾಲದ ಕಲ್ಕತ್ತೆಯಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಪುಸ್ತಕಗಳು ಕಲಿಸಲಾರದ ಒಂದು ಪಾಠವನ್ನು ಮಾರ್ಗರೆಟ್ ಅಂದು ಕಲಿತಳು. ಉದಾರತೆಯು ಆಧುನಿಕ ವಿದ್ಯಾವಂತರ ಸೊತ್ತಲ್ಲ, ಆಚಾರದ ಸೆರಗಿನೊಳಗೂ ಅದು ಇರಬಲ್ಲದು. ಮಾರ್ಚ್ 25ರಂದು ಸ್ವಾಮೀಜಿ ಆಕೆಗೆ ಬ್ರಹ್ಮಚರ್ಯ ದೀಕ್ಷೆಯಿತ್ತು, ಸಮರ್ಪಿತಳಾದವಳು ಎಂಬರ್ಥದ ನಿವೇದಿತಾ ಎಂಬ ಹೆಸರನ್ನಿಟ್ಟರು.

ಹೆಸರು ಬದಲಾಯಿತು, ಮನಸ್ಸು ಬದಲಾಗುವುದು ಅಷ್ಟು ಸುಲಭವಿರಲಿಲ್ಲ. ದೀಕ್ಷೆಯ ನಂತರವೂ ಶಿಷ್ಯೆಗೆ ಇಂಗ್ಲೆಂಡಿನ ಧ್ವಜದ ಬಗ್ಗೆ ಎಷ್ಟು ನಿಷ್ಠೆಯಿದೆಯೆಂಬುದನ್ನು ಕಂಡು ಗುರುಗಳೇ ಬೆರಗಾದರು. ಬೇಸಗೆಯಲ್ಲಿ ಆಲ್ಮೋರದಲ್ಲಿ ತಂಗಿದ್ದಾಗ ಪ್ರತಿದಿನ ಬೆಳಗಿನ ಪಾಠವು ಸಂಘರ್ಷವಾಗತೊಡಗಿತು. ಪಾಶ್ಚಾತ್ಯರ ಇತಿಹಾಸ, ಸಾಹಿತ್ಯ, ಸಮಾಜಗಳ ಬಗ್ಗೆ ನಿವೇದಿತಾ ಅವರಲ್ಲಿದ್ದ ಪೂರ್ವಾಗ್ರಹಗಳನ್ನು ಸ್ವಾಮೀಜಿ ಒಂದೊಂದಾಗಿ ಖಂಡಿಸಿದರು. ಮೆಚ್ಚುಗೆಯ ಮಾತಿಲ್ಲ, ಕನಿಕರವಿಲ್ಲ. ಎಲ್ಲವನ್ನೂ ತೊರೆದು ಬಂದವರಿಗೆ ಗುರುವೂ ಪರಕೀಯನಾದನೇ ಎಂಬ ವೇದನೆ. ಹಿಂದಿರುಗಿ ಹೋಗುವುದು ಆಗ ಅಸಾಧ್ಯವೇನಾಗಿರಲಿಲ್ಲ. ಆದರೆ ನಿವೇದಿತಾ ಹಿಂದೆ ಸರಿಯಲಿಲ್ಲ. ಕೊನೆಗೆ ಜೊತೆಯಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಆ ದುಃಖವನ್ನು ಸ್ವಾಮೀಜಿಗೆ ತಿಳಿಸಿದರು. ಅವರು ಮೌನವಾಗಿ ಕೇಳಿ ಹೋದರು. ಸಂಜೆ ಬಂದು, ಆಕಾಶದಲ್ಲಿ ಮೂಡಿದ್ದ ಬಾಲಚಂದ್ರನನ್ನು ತೋರಿಸಿ, ತಾವೂ ಹೊಸ ಬಾಳನ್ನು ಆರಂಭಿಸೋಣವೆಂದು ಶಿಷ್ಯೆಯ ತಲೆಯ ಮೇಲೆ ಕೈಯಿರಿಸಿ ಹರಸಿದರು. ಅಂದು ಅಳಿದದ್ದು ಇಂಗ್ಲೆಂಡಿನ ಮೇಲಿನ ಪ್ರೀತಿಯಲ್ಲ. ಇಂಗ್ಲೆಂಡಿನ ಕಣ್ಣಿನಿಂದಲೇ ಜಗತ್ತನ್ನು ಅಳೆಯುವ ಅಭ್ಯಾಸ.

ಅದೇ ಆಗಸ್ಟ್ 2ರಂದು ಗುರುಶಿಷ್ಯರು ಅಮರನಾಥದ ಗುಹೆಯನ್ನು ಸೇರಿದರು. ಹಿಮಲಿಂಗದ ಮುಂದೆ ಸ್ವಾಮೀಜಿಗೆ ಶಿವದರ್ಶನದ ಮಹಾನುಭವವಾಯಿತು. ನಿವೇದಿತಾ ಅವರಿಗೆ ಅಂಥದೇನೂ ಆಗಲಿಲ್ಲ. ತಾವು ಬರಿಗೈಯಲ್ಲಿ ಮರಳಬೇಕಾಯಿತೆಂದು ಅವರು ನೊಂದುಕೊಂಡಾಗ, ಮಾಡಿದ ಯಾತ್ರೆ ವ್ಯರ್ಥವಾಗದು, ಈಗ ಅರ್ಥವಾಗದಿದ್ದರೂ ಫಲವು ಮುಂದೆ ತಾನಾಗಿ ಬರುವುದೆಂದು ಗುರುಗಳು ಸಂತೈಸಿದರು. ನಿವೇದಿತಾ ಅವರ ಮುಂದಿನ ಹದಿಮೂರು ವರ್ಷಗಳ ಜೀವನವು ಆ ಮಾತಿಗೆ ಭಾಷ್ಯದಂತಿದೆ.

ಕಲ್ಕತ್ತೆಗೆ ಮರಳಿದ ನಿವೇದಿತಾ ಮೊದಲು ಶಾರದಾದೇವಿಯವರ ಮನೆಯಲ್ಲೇ ಇಳಿದುಕೊಂಡರು. ತಮ್ಮ ವಾಸದಿಂದ ಆ ತಾಯಿಗೂ ಅವರ ಬಂಧುಗಳಿಗೂ ಸಮಾಜದಲ್ಲಿ ತೊಂದರೆಯಾಗಬಹುದೆಂದು ಅರಿವಾದೊಡನೆ, ಬೇಸರಿಸದೆ ಸಮೀಪದ ಬೋಸ್‌ಪಾರಾ ಓಣಿಯ 16ನೆಯ ನಂಬರಿನ ಮನೆಗೆ ಹೋದರು. ಮಡಿಯನ್ನು ಹಳಿಯಲೂ ಇಲ್ಲ, ಮಡಿವಂತರಿಂದ ದೂರ ಸರಿಯಲೂ ಇಲ್ಲ. 1898ರ ನವೆಂಬರ್ 13ರಂದು, ಕಾಳೀಪೂಜೆಯ ದಿನ, ಶಾರದಾದೇವಿಯವರೇ ಪೂಜೆ ನೆರವೇರಿಸಿ ಹರಸಿ, ಬಾಲಿಕೆಯರ ಪಾಠಶಾಲೆಯನ್ನು ಆರಂಭಿಸಿದರು.

ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲವದು. ನಿವೇದಿತಾ ಮನೆಮನೆಯ ಬಾಗಿಲಿಗೆ ಹೋಗಿ ಮಕ್ಕಳನ್ನು ಕೇಳಿದರು. ಬಂದ ಮಕ್ಕಳಿಗೆ ಓದುಬರಹದೊಡನೆ ಹೊಲಿಗೆ, ಚಿತ್ರ, ಮಣ್ಣಿನ ಬೊಂಬೆಗಳ ಕೆಲಸವನ್ನು ಕಲಿಸಿದರು. ಪರಿಚಿತದಿಂದ ಅಪರಿಚಿತಕ್ಕೆ ಎಂಬ ವಿಂಬಲ್ಡನ್ನಿನ ತತ್ತ್ವವು ಬೋಸ್‌ಪಾರಾದ ಅಂಗಳದಲ್ಲಿ ಹೊಸ ರೂಪ ತಾಳಿತು; ಹೊಸಲ ಮೇಲಿನ ರಂಗೋಲಿ, ಅಜ್ಜಿ ಹೇಳುವ ಪುರಾಣಕಥೆ, ಮನೆಯ ವ್ರತಗಳು, ಇವೇ ಇಲ್ಲಿಯ ಪರಿಚಿತ ವಸ್ತುಗಳಾದವು. ಮುಂದೆ ಕವಿ ರವೀಂದ್ರನಾಥ ಠಾಕೂರರು ತಮ್ಮ ಮಗಳಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಶಿಕ್ಷಣ ಕೊಡಬೇಕೆಂದು ಕೇಳಿದಾಗ, ಹೊರಗಿನದನ್ನು ಮಗುವಿನ ಮೇಲೆ ಹೇರುವುದರಿಂದ ಏನು ಲಾಭವೆಂದು ನಿವೇದಿತಾ ನಿರಾಕರಿಸಿಬಿಟ್ಟರು.

ದೇವಿಯ ಆರಾಧನೆಯ ರಹಸ್ಯವು ಅವರಿಗೆ ಮೆಲ್ಲಮೆಲ್ಲನೆ ತೆರೆದುಕೊಂಡಿತು. ರುಂಡಮಾಲೆ ಧರಿಸಿದ ಕಾಳಿಯ ರೂಪವು ಪಾಶ್ಚಾತ್ಯರ ಕಣ್ಣಿಗೆ ಭಯಾನಕ. ಮಂಗಲವಾದದ್ದರಲ್ಲಿ ಮಾತ್ರ ದೇವರನ್ನು ಕಂಡರೆ ರೋಗ, ಮರಣ, ಪ್ರಳಯಗಳು ಯಾರವು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರು ಆ ರೂಪವನ್ನು ಧ್ಯಾನಿಸಿದರು. 1899ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಆಲ್ಬರ್ಟ್ ಹಾಲಿನಲ್ಲಿ ಕಾಳಿಯನ್ನು ಕುರಿತು ಉಪನ್ಯಾಸ ಮಾಡಿದಾಗ ಸುಧಾರಣಾವಾದಿಗಳಾದ ವಿದ್ಯಾವಂತರು ಕೆರಳಿದರು. ಮೇ 28ರಂದು ಕಾಳೀಘಾಟಿನಲ್ಲಿಯೇ ಮಾತನಾಡುವ ಆಹ್ವಾನ ಬಂತು. ಸ್ವಾಮೀಜಿಯ ಸೂಚನೆಯಂತೆ ಸಭಿಕರೆಲ್ಲರೂ ಪಾದರಕ್ಷೆಗಳನ್ನು ಕಳಚಿ ನೆಲದ ಮೇಲೆ ಕುಳಿತು ಆ ಐರಿಷ್ ಮಹಿಳೆಯಿಂದ ತಮ್ಮ ತಾಯಿಯ ಮಹಿಮೆಯನ್ನು ಕೇಳಿದರು.

ಆ ನಡುವೆ ತಾಯಿಯ ಭಯಾನಕ ರೂಪವು ಪ್ಲೇಗಾಗಿ ಬೀದಿಗಿಳಿದಿತ್ತು. 1899ರ ಮಾರ್ಚಿನಲ್ಲಿ ಕಲ್ಕತ್ತೆಯನ್ನು ಮಹಾಮಾರಿ ಆವರಿಸಿದಾಗ, ರಾಮಕೃಷ್ಣ ಮಿಷನ್ನಿನ ಪರಿಹಾರ ಸಮಿತಿಗೆ ನಿವೇದಿತಾ ಕಾರ್ಯದರ್ಶಿನಿಯಾದರು. ಸ್ವಾಮಿ ಸದಾನಂದರು ಕೆಲಸದ ಮುಂದಾಳು. ನೆರವಿಗೆ ಜನ ಸಾಲದಾದಾಗ ನಿವೇದಿತಾ ತಾವೇ ಪೊರಕೆ ಹಿಡಿದು ಬೀದಿ ಗುಡಿಸಲು ನಿಂತರು. ಅದನ್ನು ಕಂಡು ನಾಚಿದ ಕೇರಿಯ ಯುವಕರು ಪೊರಕೆಯನ್ನು ಕೈಗೆತ್ತಿಕೊಂಡರು. ಗುಡಿಸಲೊಂದರಲ್ಲಿ ಪ್ಲೇಗಿಗೆ ತುತ್ತಾದ ತಬ್ಬಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ವೈದ್ಯರು ಎಚ್ಚರಿಸಿದರೂ ಲೆಕ್ಕಿಸದೆ, ಅವರು ಉಪಚರಿಸಿದರು. ಆ ಮಗು ಅವರನ್ನೇ ತನ್ನ ತಾಯಿಯೆಂದು ಭಾವಿಸಿ ಅವರ ತೋಳಿನಲ್ಲೇ ಪ್ರಾಣ ಬಿಟ್ಟಿತು. ಅಷ್ಟು ದಿನ ಹೆರವಳೆಂದು ನೋಡುತ್ತಿದ್ದ ಕೇರಿಗೆ ಅವರು ಸೋದರಿಯಾದರು.

ಶಾಲೆಗೆ ಹಣ ಕೂಡಿಸಲು ಪಶ್ಚಿಮಕ್ಕೆ ಹೋಗಿದ್ದ ನಿವೇದಿತಾ 1902ರ ಆರಂಭದಲ್ಲಿ ಮರಳಿ ಬಂದರು. ಜುಲೈ 2ರಂದು, ಏಕಾದಶಿಯ ದಿನ, ಬೇಲೂರು ಮಠದಲ್ಲಿ ಸ್ವಾಮೀಜಿ ತಾವು ಉಪವಾಸವಿದ್ದು ಶಿಷ್ಯೆಗೆ ಸ್ವತಃ ಬಡಿಸಿ, ಊಟವಾದ ಮೇಲೆ ಕೈಗೆ ನೀರೆರೆದು ಒರೆಸಿದರು. ಎರಡೇ ದಿನಗಳಲ್ಲಿ, ಜುಲೈ 4ರಂದು, ಗುರುಗಳು ದೇಹವನ್ನು ತ್ಯಜಿಸಿದರು. ಮತ್ತೊಂದು ಕಠಿಣ ನಿರ್ಧಾರ ಅಲ್ಲಿಯೇ ಕಾದಿತ್ತು. ರಾಜಕೀಯದಿಂದ ದೂರವಿರುವುದು ಮಠದ ನಿಯಮ; ಪರತಂತ್ರ ದೇಶದ ನೋವನ್ನು ಕಂಡ ನಿವೇದಿತಾ ಸುಮ್ಮನಿರಲಾರದವರು. ಮಠಕ್ಕೆ ತಮ್ಮಿಂದ ಕುಂದು ಬರಬಾರದೆಂದು ಅದೇ ತಿಂಗಳು ಅವರು ಸಂಘದ ಬಂಧನದಿಂದ ಹೊರಬಂದರು. ಸಂಬಂಧ ಕಡಿಯಿತು, ಭಕ್ತಿ ಕಡಿಯಲಿಲ್ಲ. ರಾಮಕೃಷ್ಣ ವಿವೇಕಾನಂದರ ನಿವೇದಿತೆಯೆಂದೇ ಮುಂದೆಯೂ ಸಹಿ ಮಾಡಿದರು.

ಆ ಶರತ್ಕಾಲದಲ್ಲಿ ಮುಂಬಯಿ, ನಾಗಪುರ, ಬರೋಡಾಗಳಲ್ಲಿ, ವರ್ಷಾಂತ್ಯದಲ್ಲಿ ಮದರಾಸಿನಲ್ಲಿ ಅವರ ಉಪನ್ಯಾಸಗಳಾದವು. ನಾಗಪುರದ ಮಾರಿಸ್ ಕಾಲೇಜಿನಲ್ಲಿ ಕ್ರಿಕೆಟ್ ಪಂದ್ಯದ ಬಹುಮಾನ ಹಂಚಲು ಅವರನ್ನು ಕರೆದಿದ್ದರು. ಅದು ದಸರೆಯ ಆಯುಧಪೂಜೆಯ ಸಮಯ. ದುರ್ಗೆಯನ್ನೂ ಆಯುಧಗಳನ್ನೂ ಪೂಜಿಸುವ ಹಬ್ಬದಲ್ಲಿ ತರುಣರಿಗೆ ಪರದೇಶದ ಆಟವೊಂದೇ ನೆನಪಾಯಿತೇ, ಭೋಸಲೆಯವರ ರಾಜಧಾನಿಯಲ್ಲಿ ಕತ್ತಿವರಸೆ ಮಲ್ಲಯುದ್ಧಗಳು ಏನಾದವು ಎಂದು ಆ ಅತಿಥಿ ಬೇಸರದಿಂದ ಕೇಳಿದರು. ಹೊರಗಿನಿಂದ ಬಂದವರು ಮನೆಯವರಿಗೇ ಮನೆಯ ಹಬ್ಬವನ್ನು ನೆನಪಿಸಬೇಕಾಯಿತು.

ಮುಂದಿನ ವರ್ಷಗಳಲ್ಲಿ ಅವರ ಸ್ಪರ್ಶವಿಲ್ಲದ ಕ್ಷೇತ್ರವೇ ಬಂಗಾಳದಲ್ಲಿರಲಿಲ್ಲ. ವಿಜ್ಞಾನಿ ಜಗದೀಶಚಂದ್ರ ಬೋಸರ ಗ್ರಂಥಗಳನ್ನು ಅಚ್ಚಿಗೆ ಸಿದ್ಧಪಡಿಸಲು ನೆರವಾದರು. ಗ್ರೀಕ್ ಶಿಲ್ಪದ ಅನುಕರಣೆಯನ್ನು ಬಿಟ್ಟು ಸ್ವದೇಶದ ಪರಂಪರೆಯತ್ತ ನೋಡಬೇಕೆಂದು ಅವನೀಂದ್ರನಾಥರ ಬಳಗಕ್ಕೆ ಪ್ರೇರಣೆಯಿತ್ತು, ತರುಣ ನಂದಲಾಲ ಬೋಸರು ಅಜಂತೆಯ ಚಿತ್ರಗಳನ್ನು ಪ್ರತಿ ಮಾಡಲು ಹೋಗುವಂತೆ ಒತ್ತಾಯಿಸಿದರು. 1906ರಲ್ಲಿ ತಮ್ಮನ್ನು ಕಂಡ ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರ ಪಾಲಿಗೆ ಗುರುವಾದರು. ಅದೇ ವರ್ಷ ಪೂರ್ವ ಬಂಗಾಳದಲ್ಲಿ ಕ್ಷಾಮ ಪ್ರವಾಹಗಳುಂಟಾದಾಗ ದೋಣಿಯಲ್ಲಿ ಹಳ್ಳಿಹಳ್ಳಿ ಸುತ್ತಿ, ತೀವ್ರ ಜ್ವರ ಹತ್ತಿಸಿಕೊಂಡು ಮರಳಿದರು. ಹಿಂದೂ ಸಮಾಜವನ್ನು ಕುರಿತು 1904ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಪ್ರೀತಿಯು ವಿಮರ್ಶೆಯನ್ನು ಮೀರಿತೆಂದು ಹೇಳುವವರಿದ್ದಾರೆ. ಆದರೆ ತೆಗಳುವವರೇ ತುಂಬಿದ್ದ ಆ ದಿನಗಳಲ್ಲಿ, ಒಳಗಿದ್ದು ಬಾಳಿ ನೋಡಿದವರ ಸಾಕ್ಷ್ಯಕ್ಕೆ ಬೆಲೆಯಿತ್ತು.

1911ರ ಪೂಜಾ ರಜೆಯಲ್ಲಿ ಬೋಸ್ ದಂಪತಿಗಳೊಡನೆ ಡಾರ್ಜಿಲಿಂಗಿಗೆ ಹೋಗಿದ್ದ ನಿವೇದಿತಾ ರಕ್ತಭೇದಿಯಿಂದ ಹಾಸಿಗೆ ಹಿಡಿದರು. ಅಂತ್ಯವನ್ನರಿತು, ತಮ್ಮಲ್ಲಿದ್ದುದೆಲ್ಲವೂ ಭಾರತದ ಹೆಣ್ಣುಮಕ್ಕಳ ರಾಷ್ಟ್ರೀಯ ಶಿಕ್ಷಣಕ್ಕೆ ಸಲ್ಲುವಂತೆ ಬೇಲೂರು ಮಠದ ಟ್ರಸ್ಟಿಗಳ ಹೆಸರಿಗೆ ಮರಣಪತ್ರ ಬರೆದಿಟ್ಟರು. ಅಕ್ಟೋಬರ್ 13ರಂದು, ನಾಲ್ವತ್ತನಾಲ್ಕು ತುಂಬಲು ಹದಿನೈದು ದಿನಗಳಿರುವಾಗ, ಹಿಮಾಲಯದ ಮಡಿಲಿನಲ್ಲಿ ಕಣ್ಮುಚ್ಚಿದರು. ಅವರ ದೇಹಕ್ಕೆ ಹಿಂದೂ ವಿಧಿಯಂತೆ ಅಗ್ನಿಸಂಸ್ಕಾರವಾಯಿತು. ಮಗಳ ಪಾಠದ ವಿಷಯದಲ್ಲಿ ಅವರಿಂದ ನಿರಾಕರಣೆಯನ್ನು ಪಡೆದಿದ್ದ ರವೀಂದ್ರರೇ ಅವರನ್ನು ಲೋಕಮಾತೆಯೆಂದು ಗೌರವಿಸಿದರು.

ಹುಟ್ಟಿದ ನೆಲದಿಂದ ದೂರ ಬಂದು ನೆಲೆಸುವವರಿಗೆ ಹೊಸ ಊರಿನ ಭಾಷೆ ಬೇಗ ಬಂದೀತು; ಆ ಊರಿನ ಜನರ ದೇವರನ್ನೂ ದುಃಖವನ್ನೂ ತಮ್ಮದೆಂದು ತಿಳಿಯಲು ತಪಸ್ಸೇ ಬೇಕು. ಸೋದರಿ ನಿವೇದಿತಾ ಆ ತಪಸ್ಸನ್ನು ಮಾಡಿದವರು. ಕಾಳೀಪೂಜೆಯ ದಿನ ಬೆರಳೆಣಿಕೆಯ ಮಕ್ಕಳೊಡನೆ ತೊಡಗಿದ ಅವರ ಪಾಠಶಾಲೆಯನ್ನು ಶಾರದಾದೇವಿಯವರ ಹೆಸರಿನ ಸಂನ್ಯಾಸಿನಿಯರ ಸಂಸ್ಥೆಯು ಮುಂದುವರಿಸಿಕೊಂಡು ಬಂದಿದೆ. ಆ ಶಾಲೆ ಮೊದಲಾದ ಬೋಸ್‌ಪಾರಾ ಓಣಿಯ ಮನೆಯೂ 2013ರಲ್ಲಿ ಅದೇ ಸಂಸ್ಥೆಯ ಕೈಸೇರಿತು. ಹೆಣ್ಣುಮಗುವೊಂದು ಪಾಟಿ ಹಿಡಿದು ಶಾಲೆಗೆ ಹೊರಡುವುದೂ ಸರಸ್ವತೀಪೂಜೆಯೇ ಎಂಬುದನ್ನು ಆ ಮನೆ ಸಾರಿ ಹೇಳುತ್ತಿದೆ.